ಸೌದೆ ದೋಣಿಯ ಹೆಂಗಸು

ನನ್ನ ದೊಡ್ಡಮ್ಮ, ಅಮ್ಮನ ಅಕ್ಕ ತಮಯೋಸೆ ಉತೊ, ನಮ್ಮ ಊರು ಹಮಗುಶಿಕುವಿನ ಬಸ್ ನಿಲ್ದಾಣದ ಪಕ್ಕದಲ್ಲಿ ತೆಂಪುರಾ ಕರಿದು ಮಾರುತ್ತಿದ್ದಳು. ಮೀನು, ಗೆಣಸು, ಕಡಲ ಪಾಚಿ, ಎಲ್ಲಕ್ಕೂ ಒಂದೇ ದಪ್ಪ ಹಿಟ್ಟು. ಶಾಲೆ ಬಿಟ್ಟ ಮಕ್ಕಳು, ಮೀನುಗಾರರು, ಒಮ್ಮೊಮ್ಮೆ ಅಮೆರಿಕದ ಸಿಪಾಯಿಗಳೂ ಅವಳ ಬಾಣಲೆಯ ಮುಂದೆ ನಿಲ್ಲುತ್ತಿದ್ದರು. ಗಂಡ ಯುದ್ಧದಲ್ಲಿ ಸತ್ತ ಮೇಲೆ ಒಬ್ಬನೇ ಮಗ ಸೇತೊಕು ಬೆಳೆದದ್ದು ಆ ಬಾಣಲೆಯಿಂದಲೇ. ಅವನು ಈಗ ಸಿಮೆಂಟ್ ಇಟ್ಟಿಗೆಯ ಲಾರಿ ಓಡಿಸುತ್ತಿದ್ದ.

ಅವಳು ಸೊಸೆಯಾಗಿ ಬಂದ ಮನೆ ತಮಯೋಸೆ ವಂಶಕ್ಕೆ ಹಿರಿಮನೆ. ಪಿತೃಗಳ ಹೆಸರು ಬರೆದ ಕೆಂಪು ಅರಗಿನ ಫಲಕಗಳು ಅವರ ಜಗಲಿಯ ಪೀಠದಲ್ಲಿದ್ದವು. ಚಾಂದ್ರಮಾನದ ಮೊದಲ ದಿನ, ಹದಿನೈದನೆಯ ದಿನ, ಹಬ್ಬದ ದಿನ, ಆ ಹೆಸರುಗಳಿಗೆ ಚಹಾ, ಅನ್ನ, ಕಪ್ಪು ಊದುಬತ್ತಿ ಇಡುವುದು ಹಿರಿಮನೆಯ ಸೊಸೆಯ ಕೆಲಸ. ಗುಡ್ಡದ ಮೇಲಿನ ಕಿರಿಮನೆಯವರು ಹಬ್ಬಕ್ಕೆ ಬಂದು ನಮಸ್ಕಾರ ಮಾಡಿ ಹೋಗುತ್ತಾರೆ, ಅಷ್ಟೆ. ದೊಡ್ಡಮ್ಮ ಈ ಕೆಲಸವನ್ನು ಭಕ್ತಿಯಿಂದ ಮಾಡುತ್ತಿದ್ದಳು ಎಂದರೆ ಪೂರ್ತಿ ಸರಿಯಾಗದು. ಬೆಳಗ್ಗೆ ಎದ್ದು ಕೋಳಿಗೆ ಕಾಳು ಹಾಕುವ ಹಾಗೆ, ಹಸಿದವರು ಕಾಯುತ್ತಿದ್ದಾರೆ ಎಂಬ ಅವಸರದಿಂದ ಮಾಡುತ್ತಿದ್ದಳು.

ಯುದ್ಧದ ನಂತರ ಅಮೆರಿಕದ ಕೈಯಲ್ಲಿದ್ದ ನಮ್ಮ ದ್ವೀಪ ಜಪಾನಿಗೆ ಮರಳಿ ಐದಾರು ವರ್ಷವಾಗಿತ್ತು. ಎಲ್ಲ ಕಡೆ ರಸ್ತೆ ಅಗಲ ಮಾಡುವ ಗಡಿಬಿಡಿ. ನಮ್ಮ ಊರಿನ ಗುಡ್ಡದ ಬುಡದಲ್ಲಿ ಆಮೆಯ ಬೆನ್ನಿನಂತೆ ಗುಮ್ಮಟವಾಗಿದ್ದ ತಮಯೋಸೆ ಮನೆತನದ ಸಮಾಧಿಯೂ ಆ ಹೊಸ ರಸ್ತೆಯ ಗೆರೆಯೊಳಗೆ ಬಂತು. ಬೇರೆ ಜಾಗ ಕೊಡುತ್ತೇವೆ, ಆದರೆ ಒಳಗಿರುವವರು ಯಾರು ಯಾರು ಎಂದು ಬರೆದುಕೊಡಿ ಎಂದು ಕಚೇರಿಯವರು ಕೇಳಿದರು.

ಅದೇನು ಮಹಾ ಕೆಲಸ ಎಂದುಕೊಂಡವನು ದೊಡ್ಡಮ್ಮನ ಮೈದುನ ಸೇಕಿ. ರೈತರ ಸಹಕಾರ ಸಂಘದಲ್ಲಿ ಗುಮಾಸ್ತನಾಗಿ ನಿವೃತ್ತನಾಗಿದ್ದ. ಕೈಬರಹ ಅಚ್ಚುಕಟ್ಟು, ಮಾತೂ ಅಚ್ಚುಕಟ್ಟು. ಆ ಮನೆಯ ಗಂಡಸರ ಹೆಸರೆಲ್ಲ ‘ಸೇ’ ಎಂದೇ ಶುರುವಾಗುವುದು ಸುಮ್ಮನೆ ಅಲ್ಲ, ಹಳೆಯ ರಾಜರ ಕಾಲದಲ್ಲಿ ಶೂರಿ ಅರಮನೆಯಲ್ಲಿದ್ದ ಅಧಿಕಾರಿಯೊಬ್ಬನ ರಕ್ತ ನಮ್ಮದು ಎಂದು ಅವನು ನಂಬಿದ್ದ. ವಂಶವೃಕ್ಷ ಬರೆದುಕೊಡುವವನೊಬ್ಬನ ಕೈಯಲ್ಲಿ ಅದನ್ನು ಚಿತ್ರದಂತೆ ಬರೆಸಿ, ಕಟ್ಟುಹಾಕಿಸಿ, ಗೋಡೆಗೂ ತಗುಲಿಸಿದ್ದ.

ಆದರೆ ಕಚೇರಿಗೆ ಗೋಡೆಯ ಚಿತ್ರ ಬೇಡ. ಅವರ ದಫ್ತರದಲ್ಲಿ ಇದ್ದದ್ದಾದರೂ ಏನು? ಯುದ್ಧದಲ್ಲಿ ದ್ವೀಪದ ಕುಟುಂಬಗಳ ಹಳೆಯ ದಾಖಲೆಯೆಲ್ಲ ಸುಟ್ಟುಹೋಗಿತ್ತು. ಆಮೇಲೆ ಜನ ಸಾಲಿನಲ್ಲಿ ನಿಂತು ಬಾಯಲ್ಲಿ ಹೇಳಿದ್ದನ್ನೇ ಗುಮಾಸ್ತರು ಬರೆದುಕೊಂಡರು. ಕೆಲವರು ಮರೆತರು, ಕೆಲವರು ಜಗಳವಾಡಿದ ಅಣ್ಣನನ್ನು ಬೇಕೆಂದೇ ಬಿಟ್ಟರು. ನಮ್ಮ ಪಕ್ಕದ ಮನೆಯಾತ ಎರಡನೆಯ ಮದುವೆಯ ಆಸೆಯಿಂದ ಪ್ರಾಯ ಇಳಿಸಿ ಬರೆಸಿ, ಮುಪ್ಪಿನಲ್ಲಿ ಪಿಂಚಣಿಗೆ ಕಾದು ಕಾದು ಬೈದುಕೊಂಡ. ತಮಯೋಸೆ ಮನೆಯ ಹಾಳೆ ದೊಡ್ಡಮ್ಮನ ಗಂಡನ ಅಜ್ಜ ಸೇಗೆನ್‌ವರೆಗೆ ಹೋಗಿ ನಿಲ್ಲುತ್ತಿತ್ತು. ಸೇಗೆನ್, ಹಿರಿಯ ಮಗ. ತಂದೆಯ ಹೆಸರಿತ್ತು. ತಾಯಿಯ ಜಾಗ ಖಾಲಿ.

ಉಳಿದದ್ದಕ್ಕೆ ಸಮಾಧಿಯನ್ನೇ ಕೇಳಬೇಕಾಯಿತು. ನಮ್ಮಲ್ಲಿ ಆಗೆಲ್ಲ ಹೆಣವನ್ನು ಸಮಾಧಿಯೊಳಗೆ ಇಟ್ಟು, ಕೆಲವು ವರ್ಷ ಬಿಟ್ಟು, ಮನೆಯ ಹೆಂಗಸರು ಮೂಳೆ ತೊಳೆದು ಜಾಡಿಯಲ್ಲಿ ತುಂಬಿಡುವ ಪದ್ಧತಿ. ಜಾಡಿಯ ಮುಚ್ಚಳದ ಒಳಗೆ ಸತ್ತವರ ಹೆಸರನ್ನು ಮಸಿಯಲ್ಲಿ ಬರೆಯುತ್ತಾರೆ. ಒಳ್ಳೆಯ ದಿನ ನೋಡಿ ಕಲ್ಲು ಸರಿಸಿದರು. ಗಂಡಸರು ಒಂದೊಂದೇ ಜಾಡಿ ಹೊರಗೆ ತಂದರು. ಮೂಳೆಗೆ ಬಿಸಿಲು ತಾಗಬಾರದೆಂದು ನಾವು ಹೆಂಗಸರು ಕಪ್ಪು ಕೊಡೆ ಹಿಡಿದು ಜೊತೆಗೆ ನಡೆದೆವು. ನಾನು ಆಗ ಅಂಚೆ ಕಚೇರಿಯಲ್ಲಿ ಕೆಲಸಕ್ಕಿದ್ದೆ. ರಜೆ ಹಾಕಿ ಬಂದಿದ್ದೆ.

ಮುಚ್ಚಳ ತೆರೆದಾಗ ಗೊತ್ತಾಯಿತು, ಎಲ್ಲ ಅದಲುಬದಲು. ಯುದ್ಧದ ವರ್ಷ ಮನೆಯವರೆಲ್ಲ ಗುಂಡಿನಿಂದ ತಪ್ಪಿಸಿಕೊಳ್ಳಲು ಈ ಸಮಾಧಿಯೊಳಗೇ ಅಡಗಿದ್ದರು. ಸತ್ತವರು ಹೊರಗೆ, ಬದುಕಿದವರು ಒಳಗೆ. ಅಂಗಳಕ್ಕೆ ಸಾಗಿಸಿದ ಜಾಡಿಗಳಲ್ಲಿ ಕೆಲವು ಒಡೆದವು. ಗಲಾಟೆ ಮುಗಿದ ಮೇಲೆ ದೊಡ್ಡಮ್ಮನ ಮಾವ ಸಿಕ್ಕಿದ್ದನ್ನು ಸಿಕ್ಕಿದ ಹಾಗೆ ಜೋಡಿಸಿಟ್ಟು, ಅದೇ ಚಳಿಗಾಲದಲ್ಲಿ ಮಲೇರಿಯಾದಿಂದ ಸತ್ತ. ಅಜ್ಜಿಯ ಹೆಸರನ್ನು ಮೊಮ್ಮಗಳಿಗೆ, ಅಜ್ಜನದನ್ನು ಮೊಮ್ಮಗನಿಗೆ ಇಡುವ ನಮ್ಮ ರೂಢಿಯಿಂದಾಗಿ ಓದಲು ಸಿಕ್ಕ ಹೆಸರಿನಿಂದಲೂ ಉಪಯೋಗವಿರಲಿಲ್ಲ. ಒಂದು ಮುಚ್ಚಳದಲ್ಲಿ ಕಮಿ, ಇನ್ನೊಂದರಲ್ಲಿ ಕಮಿ, ಮೂರನೆಯದರಲ್ಲಿ ಅರ್ಧ ಅಳಿಸಿದ ಇನ್ನೊಬ್ಬಳು ಕಮಿ.

ಆದರೂ ಸಂಜೆಯ ಹೊತ್ತಿಗೆ ಫಲಕಗಳ ಹೆಸರಿಗೂ ಜಾಡಿಗಳಿಗೂ ಹೇಗೋ ತಾಳೆ ಹಾಕಿದರು. ಕೊನೆಗೆ ಒಂದು ಜಾಡಿ ಉಳಿಯಿತು. ಉಳಿದವುಗಳ ಹಾಗೆ ತಾವರೆಯ ಚಿತ್ರವಿರುವ, ಮೆರುಗು ಹಾಕಿದ ಜಾಡಿಯಲ್ಲ ಅದು. ಮನೆಯಲ್ಲಿ ಸಾರಾಯಿ ತುಂಬಿಡುತ್ತಾರಲ್ಲ, ಅಂಥ ಸಾದಾ ಕಂದು ಮಣ್ಣಿನದು. ಬರಹವಿಲ್ಲ. ದೊಡ್ಡಮ್ಮ ಅತ್ತೆ ಮಾವ ಇಬ್ಬರ ಮೂಳೆಯನ್ನೂ ತೊಳೆದವಳು. ಒಳಗೆ ನೋಡಿ, ಹೆಂಗಸು, ಸಣ್ಣ ಮೈಕಟ್ಟಿನವಳು ಎಂದಳು. ಆಮೇಲೆ, ಚೆನ್ನಾಗಿ ತೊಳೆದಿದ್ದಾರೆ, ಯಾರೋ ಪ್ರೀತಿಯಿಂದ ತೊಳೆದದ್ದು ಎಂದಳು.

ಸೇಕಿಯ ಹೆಂಡತಿ ಮರುದಿನವೇ ದೇವರು ಮೈಮೇಲೆ ಬರುವ ಹೆಂಗಸೊಬ್ಬಳ ಹತ್ತಿರ ಹೋಗಿ ಕೇಳಿಕೊಂಡು ಬಂದಳು. ಆಕೆ ಕಣ್ಣುಮುಚ್ಚಿ, ಮನೆಗೆಲಸದವಳು, ಹೊರಗಿನವಳು ಎಂದಳಂತೆ. ಸೇಕಿಗೆ ಅಷ್ಟೇ ಸಾಕಾಗಿತ್ತು. ಊರಿನವರೆಲ್ಲರಿಗೂ ಸೇರಿದ, ದಿಕ್ಕಿಲ್ಲದವರನ್ನು ಇಡುವ ಗುಹೆಯೊಂದು ಸಮುದ್ರದ ಕಡೆಗಿತ್ತು. ಅಲ್ಲಿಟ್ಟು ಮುಗಿಸೋಣ ಎಂದ.

ದೊಡ್ಡಮ್ಮ ಒಪ್ಪಲಿಲ್ಲ. ನಾನು ಇಷ್ಟು ವರ್ಷ ಬಡಿಸಿದ ಪಂಕ್ತಿಯಲ್ಲಿ ಒಬ್ಬಳು ಹೆಸರು ಕರೆಯಿಸಿಕೊಳ್ಳದೆ ಕೂತಿದ್ದಳು, ಈಗ ಅವಳನ್ನು ಹೊರಗೆ ಹಾಕು ಎನ್ನುತ್ತೀಯಲ್ಲ ಎಂದು ಬೈದಳು. ಕಚೇರಿಯಿಂದ ಮಳೆಗಾಲದವರೆಗೆ ಗಡುವು ಪಡೆದಳು. ಅದಕ್ಕೆ ಅರ್ಜಿ ಬರೆದವನು ಸೇಕಿಯೇ, ಗೊಣಗುತ್ತಲೇ.

ಊರಿನಲ್ಲಿ ಅಷ್ಟು ಹಿಂದಿನದನ್ನು ಬಲ್ಲವಳು ಒಬ್ಬಳೇ, ಕಿರಿಮನೆಯ ಗೊಜೆ ಅಜ್ಜಿ. ತೊಂಬತ್ತು ದಾಟಿದ್ದಳು. ಕೈಮೇಲೆ ಹಳೆಯ ಕಾಲದ ನೀಲಿ ಹಚ್ಚೆ ಇನ್ನೂ ಇತ್ತು. ದೊಡ್ಡಮ್ಮ ಬಿಸಿ ಗೆಣಸಿನ ತೆಂಪುರಾ ಕಟ್ಟಿಕೊಂಡು ನನ್ನನ್ನೂ ಕರೆದುಕೊಂಡು ಗುಡ್ಡ ಹತ್ತಿದಳು. ಅಜ್ಜಿ ತಿಂದು, ಬೆರಳು ಒರೆಸಿಕೊಂಡು, ಬಂದ ಕಾರಣ ಕೇಳಿದಳು. ದೊಡ್ಡಮ್ಮ ಹೇಳಿದ್ದನ್ನು ಕೇಳಿ ಕಡಲಿನ ಕಡೆ ಕೈ ತೋರಿಸಿದಳು.

“ಅವಳು ಯಂಬರು ಕಡೆಯವಳು ಕಣೇ,” ಎಂದಳು. “ಸೌದೆ ದೋಣೀಲಿ ಬಂದೋಳು. ನಾನು ಮದುವೆಯಾಗಿ ಬರೋಷ್ಟರಲ್ಲಿ ಸತ್ತಿದ್ಳು. ಹೆಸರು ಗೊತ್ತಿಲ್ಲ. ನಮ್ಮತ್ತೆ ಅವಳನ್ನ ‘ದೋಣಿಯೋಳು’ ಅಂತಿದ್ರು, ಅಷ್ಟೇ.”

“ಆ ಮನೇಲಿ ಏನಾಗಿದ್ಳು ಅಜ್ಜಿ? ಕೆಲಸದೋಳಾ?” ಎಂದಳು ದೊಡ್ಡಮ್ಮ.

“ಅದನ್ನ ನನ್ನ ಬಾಯಿಂದ ಯಾಕೆ ಹೇಳಿಸ್ತೀಯ? ಹೋಗು, ಎಣ್ಣೆ ಕಾಯ್ತಿರುತ್ತೆ.”

ಯಂಬರು ಎಂದರೆ ದ್ವೀಪದ ಉತ್ತರದ ಕಾಡು ಸೀಮೆ. ಹಿಂದೆ ಅಲ್ಲಿಂದ ಸೌದೆ, ಇದ್ದಿಲು ತುಂಬಿದ ಹಾಯಿದೋಣಿಗಳು ನಮ್ಮ ಕಡೆಯ ಕೊಲ್ಲಿಗಳಿಗೆ ಬರುತ್ತಿದ್ದವು. ಯಾವ ಊರಿನ ದೋಣಿ ನಮ್ಮ ಕೊಲ್ಲಿಗೆ ಬರುತ್ತಿತ್ತು ಎಂದು ಮುದುಕ ಮೀನುಗಾರರನ್ನು ವಿಚಾರಿಸಿದಾಗ ಹೆದೊಮಾ ಎಂಬ ಹಳ್ಳಿಯ ಹೆಸರು ಸಿಕ್ಕಿತು. ದೊಡ್ಡಮ್ಮ ಒಂದು ಭಾನುವಾರ ಬಾಣಲೆ ಮಗುಚಿಟ್ಟು, ಹೊಸ ಚಪ್ಪಲಿ ಹಾಕಿಕೊಂಡಳು. ನಾನೂ ಅವಳೂ ಎರಡು ಬಸ್ ಬದಲಿಸಿ ಹೋದೆವು. ದಾರಿಯುದ್ದಕ್ಕೂ ಅವಳಿಗೆ ವಾಂತಿ. ನಡುನಡುವೆ, ಅವಳು ದೋಣಿಯಲ್ಲಿ ಹೇಗೆ ಬಂದಳೋ ಪಾಪ ಎಂದು ಹೇಳಿಕೊಳ್ಳುತ್ತಿದ್ದಳು.

ಹೆದೊಮಾದಲ್ಲಿ ಹಿಂದೆ ಸೌದೆ ದೋಣಿ ಇಟ್ಟಿದ್ದವರ ಮನೆ ಒಂದೇ ಉಳಿದಿತ್ತು. ಯಜಮಾನ ಕಿಶಿಮೊತೊ ಎಂಬ ಮುದುಕ. ಹುಳಿ ಕಿತ್ತಳೆಯ ತೋಟದಲ್ಲಿದ್ದ. ನಮ್ಮನ್ನು ಕೂರಿಸಿ ಕಪ್ಪು ಬೆಲ್ಲ, ಚಹಾ ಕೊಟ್ಟ. ಅವನ ಊರಿನ ದಾಖಲೆಯೂ ಸುಟ್ಟದ್ದೇ. ಆದರೆ ಅವನ ಅಜ್ಜಿ ಮಾತುಗಾತಿ, ಊರಿನ ಯಾವ ಮನೆಯಲ್ಲಿ ಯಾರು ಅತ್ತರು ಎಂಬುದನ್ನೂ ಬಿಡದೆ ಹೇಳುತ್ತಿದ್ದಳಂತೆ. ಅವಳು ಚಿಕ್ಕವಳಿದ್ದಾಗ ದೋಣಿಯಲ್ಲಿ ದಕ್ಷಿಣಕ್ಕೆ ಹೋಗಿ ತಿರುಗಿ ಬಾರದ ಹೆಂಗಸರು ಇಬ್ಬರು. ಒಬ್ಬಳು ಕಮದೊ, ಇನ್ನೊಬ್ಬಳು ಮಾಚಿರು. ಇಬ್ಬರೂ ಎಳೆಯ ವಿಧವೆಯರು. ಒಂದೇ ಬಿರುಗಾಳಿಗೆ ಗಂಡಂದಿರನ್ನು ಕಳೆದುಕೊಂಡವರು.

“ಇಬ್ಬರಲ್ಲಿ ಯಾರು ನಿಮ್ಮ ಕೊಲ್ಲೀಲಿ ಇಳಿದ್ರೋ ನಂಗೊತ್ತಿಲ್ಲ ತಾಯಿ,” ಎಂದ ಕಿಶಿಮೊತೊ. “ಇಷ್ಟು ದೂರ ಬಂದಿದ್ದೀರಿ, ಒಂದು ಹೆಸರು ತಗೊಂಡು ಹೋಗಿ. ಯಾರು ಬೇಡ ಅಂತಾರೆ?”

“ಆರಿಸ್ಕೊಂಡು ಹೋಗೋಕೆ ನಾನೇನು ಸಂತೆಗೆ ಬಂದಿದ್ದೀನಾ?” ಎಂದಳು ದೊಡ್ಡಮ್ಮ. ಮುದುಕ ನಕ್ಕ. ನಗುತ್ತಲೇ, ಅಷ್ಟೇನೂ ಮುಖ್ಯವಲ್ಲ ಎಂಬಂತೆ, ಇನ್ನೊಂದು ಮಾತು ಸೇರಿಸಿದ. ಇಬ್ಬರೂ ಕಂಕುಳಲ್ಲಿ ಒಂದೊಂದು ಗಂಡು ಮಗು ಎತ್ತಿಕೊಂಡೇ ದೋಣಿ ಹತ್ತಿದ್ದರಂತೆ.

ದೊಡ್ಡಮ್ಮ ಬಾಯಿಗೆ ತಂದ ಚಹಾವನ್ನು ಕೆಳಗಿಟ್ಟಳು.

ತಿರುಗಿ ಬರುವಾಗ ಅವಳಿಗೆ ವಾಂತಿಯಾಗಲಿಲ್ಲ. ಊರು ಹತ್ತಿರ ಬಂದಾಗ ಕಿಟಕಿಯ ಕಡೆ ಮುಖ ಮಾಡಿಕೊಂಡೇ, ಸೇಗೆನ್ ಅಜ್ಜನ ತಾಯಿಯ ಜಾಗ ಯಾಕೆ ಖಾಲಿ ಎಂದು ಈಗ ಗೊತ್ತಾಯಿತು ಎಂದಳು. ನನಗೂ ಹೊಳೆದಿತ್ತು. ಸೇಗೆನ್ ಈ ಮನೆಯಲ್ಲಿ ಹುಟ್ಟಿದವನಲ್ಲ. ದೋಣಿಯಲ್ಲಿ ಬಂದ ಮಗು ಅವನು. ಅವನ ಮಗ ದೊಡ್ಡಮ್ಮನ ಮಾವ, ಮೊಮ್ಮಕ್ಕಳು ಅವಳ ಗಂಡ ಮತ್ತು ಸೇಕಿ. ಹಾಗಾದರೆ ಹಿರಿಮನೆಯಲ್ಲಿ ತಮಯೋಸೆ ರಕ್ತ ಸೇಗೆನ್‌ಗಿಂತ ಮೊದಲೇ ನಿಂತುಹೋಗಿತ್ತು.

ಬೇರೆ ಬೀಜದವನು ಫಲಕಗಳನ್ನು ಇಟ್ಟುಕೊಳ್ಳುವುದು ನಮ್ಮಲ್ಲಿ ದೊಡ್ಡ ದೋಷ. ಕಾಯಿಲೆ, ಅಪಘಾತ, ಬಂಜೆತನ, ಎಲ್ಲಕ್ಕೂ ಇದೇ ಕಾರಣ ಎನ್ನುವವರಿದ್ದಾರೆ. ತಿಳಿದ ಮೇಲೆ ಫಲಕಗಳನ್ನು ನಿಜವಾದ ರಕ್ತದವರಿಗೆ ಒಪ್ಪಿಸಬೇಕು. ಅಂದರೆ ಕಿರಿಮನೆಗೆ. ಹಿರಿಮನೆ ಅಂದಿನಿಂದ ಹಿರಿಮನೆಯಲ್ಲ. ಇದನ್ನು ಯಾರಿಗೂ ಹೇಳದಿದ್ದರೆ ಆಗದೇ ಎಂದು ನಾನು ಕೇಳಿದೆ. ಅವಳು ಚಪ್ಪಲಿ ಸರಿಮಾಡಿಕೊಂಡು ಬಸ್ ಇಳಿದಳು. ಅದರ ಮುಂದಿನ ಕೆಲವು ದಿನ ಅವಳ ತೆಂಪುರಾದಲ್ಲಿ ಉಪ್ಪು ಹೆಚ್ಚಾಗಿತ್ತು, ಮಕ್ಕಳು ದೂರು ಹೇಳಿದರು.

ಆಮೇಲೆ ಒಂದು ಮಧ್ಯಾಹ್ನ ಎರಡೂ ಮನೆಯವರನ್ನು ಕರೆಸಿದಳು. ಗೊಜೆ ಅಜ್ಜಿಯನ್ನು ಸೇತೊಕು ಲಾರಿಯಲ್ಲಿ ಕೂರಿಸಿಕೊಂಡು ಬಂದ. ಪೀಠದ ಮುಂದೆ ಎಲ್ಲರೂ ಕೂತ ಮೇಲೆ ದೊಡ್ಡಮ್ಮ ಕೇಳಿದ್ದನ್ನು ಕೇಳಿದ ಹಾಗೆ ಹೇಳಿದಳು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಿದಳು.

ಸೇಕಿಯ ಮುಖ ಬಿಳಿಚಿತು. “ಅತ್ತಿಗೆ, ಯಾರೋ ಕಿತ್ತಳೆ ತೋಟದ ಮುದುಕ ಹೇಳಿದ ಅಂತ ನಮ್ಮಜ್ಜನ್ನ ಬೀದೀಲಿ ನಿಲ್ಲಿಸ್ತೀರಾ? ಏನಿದೆ ಸಾಕ್ಷಿ? ಒಂದು ಜಾಡಿ. ಅದರಲ್ಲಿ ಅಕ್ಷರ ಇಲ್ಲ. ನೀವು ಈ ಮನೆ ಮಗಳಾಗಿದ್ರೆ ಹಿಂಗೆ ಮಾತಾಡ್ತಿರ್ಲಿಲ್ಲ.”

“ಹೌದು, ನಾನು ಹೊರಗಿನೋಳೇ,” ಎಂದಳು ದೊಡ್ಡಮ್ಮ. “ಅವಳ ಹಾಗೇ.”

ಗೊಜೆ ಅಜ್ಜಿಯ ಮಗ ಚೊಹೆ ಅಷ್ಟರಲ್ಲಿ ಗಂಟಲು ಸರಿಮಾಡಿಕೊಂಡ. ಅರವತ್ತು ದಾಟಿದ ಗಂಭೀರ ಮನುಷ್ಯ. ಮಾತು ನಿಜವೇ ಆದರೆ ಫಲಕಗಳ ವಿಚಾರ ಯೋಚಿಸಬೇಕಾಗುತ್ತದೆ, ತಮ್ಮ ಮನೆಯಲ್ಲಿ ಪೀಠಕ್ಕೆ ಉತ್ತರದ ಗೋಡೆ ಸರಿಹೋಗಬಹುದು ಎಂದು ನಿಧಾನವಾಗಿ ಶುರುಮಾಡಿದ. ಅವನ ಹೆಂಡತಿ ತಲೆಯಾಡಿಸಿದಳು.

“ಸುಮ್ನೆ ಕೂತ್ಕೊಳೋ,” ಎಂದಳು ಗೊಜೆ ಅಜ್ಜಿ.

ಅವಳು ಹೇಳಿದ್ದನ್ನು ನಾನು ಅವಳಷ್ಟು ಚೆನ್ನಾಗಿ ಹೇಳಲಾರೆ. ಬಹಳ ಹಿಂದೆ ಹಿರಿಮನೆಗೆ ಸಿಡುಬು ನುಗ್ಗಿತಂತೆ. ಗಂಡ ಹೆಂಡತಿ ಇಬ್ಬರು ಉಳಿದರು, ಮಕ್ಕಳು ಒಬ್ಬರೂ ಉಳಿಯಲಿಲ್ಲ. ವಂಶಕ್ಕೆ ಒಬ್ಬ ಹುಡುಗನನ್ನು ಕೊಡಿ ಎಂದು ಹಿರಿಮನೆಯ ಯಜಮಾನ ಗುಡ್ಡ ಹತ್ತಿ ಕಿರಿಮನೆಯ ಬಾಗಿಲಲ್ಲಿ ನಿಂತ. ಕಿರಿಮನೆಯಲ್ಲಿ ಆಗ ಮೂವರು ಗಂಡು ಮಕ್ಕಳು. ರೋಗ ಬಂದ ಮನೆ ಎಂದು ಹೆದರಿ, ಗೊಜೆಯ ಗಂಡನ ಅಜ್ಜಿ ಮಕ್ಕಳನ್ನು ಹಂದಿಗೂಡಿನ ಹಿಂದೆ ಬಚ್ಚಿಟ್ಟು, ಮಕ್ಕಳು ಮನೆಯಲ್ಲಿಲ್ಲ ಎಂದು ಬಾಗಿಲು ಹಾಕಿಕೊಂಡಳು. ಒಬ್ಬ ಹುಡುಗ ಗೂಡಿನ ಹಿಂದಿನಿಂದ ಕೆಮ್ಮಿದ. ಹಿರಿಮನೆಯ ಯಜಮಾನ ಅದನ್ನು ಕೇಳಿಸಿಕೊಂಡೇ ಗುಡ್ಡ ಇಳಿದ. ಮರುವರ್ಷ ಸೌದೆ ದೋಣಿ ಬಂತು. ಎಲ್ಲರೂ ದೂರವಿಟ್ಟ ಆ ಮನೆಯೊಳಗೆ ಹೋಗಿ ಒಲೆ ಹಚ್ಚಿದವಳು ಆ ವಿಧವೆ ಒಬ್ಬಳೇ. ಅವಳ ಮಗುವನ್ನು ಅವರು ಮಗನೆಂದು ಕರೆದರು.

“ನಮ್ಮತ್ತೆ ಸಾಯೋ ಮುಂಚೆ ನಂಗೆ ಹೇಳಿದ್ರು,” ಎಂದಳು ಅಜ್ಜಿ. “ಆ ಮನೆ ವಿಷಯ ಎತ್ತಬೇಡ, ಎತ್ತಿದ್ರೆ ನಮ್ಮ ಬಾಗಿಲ ವಿಷಯವೂ ಏಳುತ್ತೆ ಅಂದ್ರು. ಅದಕ್ಕೇ ನಾನೂ ಎತ್ತಲಿಲ್ಲ. ಚೊಹೆ, ಕೊಡಬೇಕಾದಾಗ ಕೊಡಲಿಲ್ಲ ನಾವು. ಈಗ ಯಾವ ಮುಖ ಇಟ್ಕೊಂಡು ಆ ಫಲಕ ಹೊತ್ಕೊಂಡು ಹೋಗ್ತೀಯ?”

ಚೊಹೆ ಪೀಠದ ಕಡೆ ತಲೆ ಬಾಗಿಸಿದ. ಸೇಕಿ ಎದ್ದು ಹೊರಗೆ ಹೋದ. ಅವನು ಅಂಗಳದಲ್ಲಿ ಒಂದಾದ ಮೇಲೊಂದು ಸಿಗರೇಟು ಸೇದುವುದು ಕಾಣಿಸುತ್ತಿತ್ತು. ಯಾರೂ ಕರೆಯಲಿಲ್ಲ. ದೊಡ್ಡಮ್ಮ ಎಲ್ಲರಿಗೂ ಊಟ ಬಡಿಸಿದಳು. ಹಂದಿ ಮಾಂಸ, ಕಡಲ ಸೊಪ್ಪು, ತೋಫು. ಗೊಜೆ ಅಜ್ಜಿ ಎರಡು ಸಲ ಹಾಕಿಸಿಕೊಂಡಳು. ಇಷ್ಟು ವರ್ಷ ಹೊಟ್ಟೆಯಲ್ಲಿ ಜಾಗವೇ ಇರಲಿಲ್ಲ ಎಂದಳು.

ಮಳೆಗಾಲಕ್ಕೆ ಮುಂಚೆ ಹೊಸ ಸಮಾಧಿ ತಯಾರಾಯಿತು. ಸಿಮೆಂಟಿನದು, ಆಮೆಯ ಬೆನ್ನಿಲ್ಲ, ಸಣ್ಣ ಮನೆಯ ಹಾಗೆ. ಹೆಂಗಸಿನ ಮೂಳೆಗಳನ್ನು ದೊಡ್ಡಮ್ಮ ಸಾರಾಯಿಯಿಂದ ಒರೆಸಿ ಹೊಸ ಜಾಡಿಗೆ ಹಾಕಿದಳು. ಮುಚ್ಚಳದಲ್ಲಿ ಬರೆಯುವುದಕ್ಕೆ ಸೇತೊಕು ಬ್ರಷ್ ತೆಗೆದುಕೊಂಡ. ಅವಳು ಅವನ ಕೈಯಿಂದ ಕಿತ್ತುಕೊಂಡು, ದೂರದಲ್ಲಿ ನಿಂತಿದ್ದ ಸೇಕಿಯ ಹತ್ತಿರ ಹೋದಳು. ಮನೆಯಲ್ಲಿ ಅಕ್ಷರ ಚೆನ್ನಾಗಿರುವುದು ನಿನ್ನದೊಂದೇ ಎಂದಳು.

ಸೇಕಿ ಆ ಸಭೆಯಾದಾಗಿನಿಂದ ಅವಳೊಂದಿಗೆ ಮಾತಾಡಿರಲಿಲ್ಲ. ಬ್ರಷ್ ತೆಗೆದುಕೊಂಡು ಮುಚ್ಚಳವನ್ನು ತೊಡೆಯ ಮೇಲಿಟ್ಟುಕೊಂಡ.

“ಹೆಸರೇನು ಬರೀಲಿ?”

“ಗೊತ್ತಿಲ್ಲ ಅಂತ ಬರಿ.”

“ಹಾಗೆಲ್ಲ ಬರಿಯೋಕಾಗುತ್ತಾ ಅತ್ತಿಗೆ? ಸತ್ತೋರಿಗೆ ಅವಮಾನ.”

ಅವನು ಯೋಚಿಸಿದ. ಮೇಲೆ ಒಂದು ಹೆಸರು ಹಿಡಿಯುವಷ್ಟು ಜಾಗ ಬಿಟ್ಟು, ಕೆಳಗೆ ನಿಧಾನವಾಗಿ ಬರೆದ: ಹೆದೊಮಾದವಳು, ತಮಯೋಸೆ ಸೇಗೆನ್‌ನ ತಾಯಿ. ಮಸಿ ಆರುವವರೆಗೆ ಊದುತ್ತ ಕೂತಿದ್ದ. ಆಮೇಲೆ ಜಾಡಿಯನ್ನು ತಾನೇ ಎತ್ತಿಕೊಂಡು ಹೋಗಿ ಸೇಗೆನ್ ಅಜ್ಜನ ಜಾಡಿಯ ಪಕ್ಕದಲ್ಲಿಟ್ಟ. ಕಚೇರಿಗೆ ಕೊಟ್ಟ ಹಾಳೆಯಲ್ಲೂ ಅವನು ಹಾಗೆಯೇ ಬರೆದ. ಅಲ್ಲಿಯ ಹುಡುಗಿ ಹೆಸರಿಲ್ಲದೆ ನಡೆಯುವುದಿಲ್ಲ ಎಂದಾಗ, ನಡೆಯುವವರೆಗೆ ಇಲ್ಲೇ ಕೂತಿರುತ್ತೇನೆ ಎಂದು ಜಗಳವಾಡಿ ನಡೆಸಿಕೊಂಡು ಬಂದ. ಗೋಡೆಯ ವಂಶವೃಕ್ಷವನ್ನು ಮಾತ್ರ ಇಳಿಸಲಿಲ್ಲ. ಚೌಕಟ್ಟಿಗೆ ಕೊಟ್ಟ ದುಡ್ಡು ದಂಡವಾಗುತ್ತದೆ ಎಂದ.

ಮುಂದಿನ ವಸಂತದಲ್ಲಿ ಸಮಾಧಿಯ ಮುಂದೆ ಚಾಪೆ ಹಾಸಿ ಪಿತೃಗಳ ಜೊತೆ ಊಟ ಮಾಡುವ ಹಬ್ಬಕ್ಕೆ ಕಿಶಿಮೊತೊ ಒಂದು ಬುಟ್ಟಿ ಕಿತ್ತಳೆ ಹೊತ್ತು ಬಂದ. ಕಮದೊಳ ಮನೆಯವರೊಬ್ಬರು, ಮಾಚಿರುವಿನ ಮನೆಯವರೊಬ್ಬರು ಅವನ ಜೊತೆಗಿದ್ದರು. ನಮ್ಮವಳೇ ಇರಬಹುದು ಎಂದು ಇಬ್ಬರೂ ಊದುಬತ್ತಿ ಹಚ್ಚಿದರು. ಇಬ್ಬರೂ ಅತ್ತರು. ಗೊಜೆ ಅಜ್ಜಿ ಆಗ ಇರಲಿಲ್ಲ, ಚಳಿಗಾಲದಲ್ಲೇ ತೀರಿಕೊಂಡಿದ್ದಳು. ಚೊಹೆ ಬಂದಿದ್ದ. ಮೊದಲಿನ ಹಾಗೆಯೇ ಕಿರಿಮನೆಯವರ ಜಾಗದಲ್ಲಿ ಕೂತ.

ದೊಡ್ಡಮ್ಮ ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಬದುಕಿದಳು. ಅಮೆರಿಕದವರ ಕಾಲದಿಂದ ಬಲಕ್ಕೆ ಓಡುತ್ತಿದ್ದ ವಾಹನಗಳೆಲ್ಲ ಜಪಾನಿನ ಹಾಗೆ ರಸ್ತೆಯ ಎಡಕ್ಕೆ ಬಂದ ಮೇಲೆ ಬಸ್ ನಿಲ್ದಾಣ ಎದುರು ಬದಿಗೆ ಹೋಯಿತು. ಅವಳೂ ಬಾಣಲೆ ಎತ್ತಿಕೊಂಡು ಅತ್ತ ಹೋದಳು. ಸೇಕಿ ಮುಪ್ಪಿನಲ್ಲಿ ಉತ್ತರಕ್ಕೆ ಬಸ್ ಹತ್ತಿ ಹೋಗುವುದನ್ನು ಅಭ್ಯಾಸ ಮಾಡಿಕೊಂಡ. ಆ ಕಡೆಯ ಮುದುಕಿಯರನ್ನು ಕೂರಿಸಿಕೊಂಡು ಕೇಳುತ್ತಿದ್ದ, ಕೇಳಿದ್ದನ್ನು ಬಂದು ಅತ್ತಿಗೆಗೆ ಒಪ್ಪಿಸುತ್ತಿದ್ದ. ಒಂದು ಸಲ ಮೂರನೆಯ ಹೆಸರೊಂದನ್ನು ಹಿಡಿದುಕೊಂಡು ಬಂದು, ಇದು ಖಂಡಿತ ಎಂದ. ಇಬ್ಬರೂ ಸಂಜೆಯವರೆಗೆ ಅದನ್ನು ಹಿಂದೆ ಮುಂದೆ ಮಾಡಿ ನೋಡಿದರು. ವರ್ಷಗಳು ಹೊಂದಲಿಲ್ಲ. ದೊಡ್ಡಮ್ಮ ಅವನ ತಟ್ಟೆಗೆ ಇನ್ನೊಂದು ಮೀನಿನ ತೆಂಪುರಾ ಹಾಕಿ, ಮುಂದಿನ ಸಲ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋಗು, ವಾಂತಿಗೆ ಶುಂಠಿ ಉಪ್ಪಿನಕಾಯಿ ಇಟ್ಟುಕೊಂಡಿದ್ದೇನೆ ಎಂದಳು.